ಹೇರ್ ಡ್ರೈಯರ್ ಹಿಡಿದು ದೋಣಿ ಕಟ್ಟಿದೆ!

ಒಂದು ಪ್ರಶ್ನೆ. ಥಟ್ಟನೆ ಉತ್ತರ ಹೇಳಬೇಕು.

ನಿಮ್ಮ ಕೈಯಲ್ಲಿ ಮಿಲಿಮೀಟರ್ ದಪ್ಪದ ಒಂದು ಮರದ ಪಟ್ಟಿ ಇದೆ. ಅದನ್ನು ಬಿಲ್ಲಿನ ಹಾಗೆ ಬಾಗಿಸಬೇಕು. ಮುರಿಯಬಾರದು. ಕೈ ಬಿಟ್ಟ ಮೇಲೆ ಮತ್ತೆ ನೆಟ್ಟಗಾಗಲೂಬಾರದು! ಏನು ಮಾಡುತ್ತೀರಿ?

‘ನೀರಲ್ಲಿ ನೆನೆಹಾಕ್ತೀನಿ’ ಅಂದಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ರಾತ್ರಿಯಿಡೀ ಕಡಲೆಕಾಳಿನ ಹಾಗೆ ನೆನೆಹಾಕಿದೆ. ಬೆಳಿಗ್ಗೆ ಎದ್ದು ಬಾಗಿಸಿದೆ.

ಚಟ್!

ಇನ್ನೊಂದು ತಗೊಂಡೆ. ಚಟ್!

ಮೂರನೆಯದಕ್ಕೆ ಹೇರ್ ಡ್ರೈಯರ್ ತಂದೆ. ಮನೆಯವರು ನಕ್ಕರು. ಒದ್ದೆ ಪಟ್ಟಿಗೆ ಬಿಸಿಗಾಳಿ ಹಿಡಿದು ಮೆಲ್ಲಗೆ ಒತ್ತುತ್ತಾ ಕೂತೆ. ಅರ್ಧ ನಿಮಿಷ, ಒಂದು ನಿಮಿಷ. ಇದ್ದಕ್ಕಿದ್ದಂತೆ ಬೆರಳ ಕೆಳಗೆ ಏನೋ ಸಡಿಲಗೊಂಡಿತು. ಹಟಮಾರಿ ಮಗು ಒಮ್ಮೆಗೇ ಅಳು ನಿಲ್ಲಿಸಿ ಹೆಗಲಿಗೆ ಒರಗುತ್ತದಲ್ಲ, ಹಾಗೆ! ಪಟ್ಟಿ ಬಾಗಿತು. ತಣ್ಣಗಾಗುವವರೆಗೆ ಹಿಡಿದುಕೊಂಡೆ. ಕೈ ಬಿಟ್ಟೆ.

ಬಾಗಿಯೇ ಉಳಿಯಿತು!

ಮರದ ನಾರುಗಳನ್ನು ಒಂದಕ್ಕೊಂದು ಬೆಸೆದು ಹಿಡಿದಿರುವುದು ಲಿಗ್ನಿನ್ ಎಂಬ ವಸ್ತು. ಬಿಸಿ ತಾಗಿದರೆ ಅದು ಬೆಲ್ಲದ ಪಾಕದಂತೆ ಮೆತ್ತಗಾಗುತ್ತದೆ. ತಣಿದರೆ ಮತ್ತೆ ಗಟ್ಟಿ. ನೀರು ಬರೀ ನೆಂಟ. ಮರ ಒದ್ದೆಯಿದ್ದರೆ ಕಡಿಮೆ ಬಿಸಿಯಲ್ಲೇ ಕೆಲಸವಾಗುತ್ತದೆ, ಅಷ್ಟೆ. ಮನೆಯ ಯಜಮಾನ ಬಿಸಿ! ನಿಜವಾದ ಹಡಗುಕಟ್ಟೆಗಳಲ್ಲಿ ಹಲಗೆಗಳನ್ನು ಹಬೆ ಪೆಟ್ಟಿಗೆಯಲ್ಲಿಟ್ಟು ಇಡ್ಲಿಯ ಹಾಗೆ ಬೇಯಿಸುತ್ತಾರೆ. ಅಂಗುಲ ದಪ್ಪಕ್ಕೆ ಒಂದು ಗಂಟೆ, ಇದು ಬಡಗಿಗಳ ಲೆಕ್ಕ. ನಾನು ನನ್ನ ಊಟದ ಮೇಜಿನ ಮೇಲೆ ಮಾಡಿದ್ದೂ ಅದೇ!

ಆ ಕ್ಷಣಕ್ಕೆ ಹುಚ್ಚು ಹಿಡಿಯಿತು ನೋಡಿ. ಇದು ಆಟಿಕೆಯಲ್ಲ. ಇದು ಹಡಗು ಕಟ್ಟುವ ಕೆಲಸವೇ, ಪುಟ್ಟದಾಗಿ!

ಸರಿ, ನೀವೇ ಶುರು ಮಾಡುತ್ತೀರಿ ಅಂತಿಟ್ಟುಕೊಳ್ಳಿ. ಮೊದಲು ಯಾವ ಹಡಗಿನ ಪುಟ್ಟ ಮಾದರಿ ಆರಿಸುತ್ತೀರಿ?

ನಾಚಿಕೆ ಬೇಡ, ಹೇಳಿ. ಮೂರು ಕೂವೆಮರ, ತುಂಬಾ ಹಾಯಿ, ಸಾಲು ಸಾಲು ಫಿರಂಗಿ. ಅಲ್ಲವೇ? ಎಲ್ಲರ ಕಣ್ಣೂ ಬೀಳುವುದು ಅಲ್ಲೇ. ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ಯುದ್ಧನೌಕೆ ‘ವಿಕ್ಟರಿ’ ಮೇಲೆ ನನ್ನ ಕಣ್ಣೂ ಬಿದ್ದಿತ್ತು.

ಆ ಹಡಗಿನ ಸಂಗತಿ ಕೇಳಿ. ಅದಕ್ಕೆ ಕಡಿದ ಮರಗಳು ಸುಮಾರು 6,000. ಅವುಗಳಲ್ಲಿ ಓಕ್ ಮರವೇ ಹೆಚ್ಚು. ಫಿರಂಗಿಗಳು 104. ಕೆಲಸ ಶುರುವಾದದ್ದು 1759ರಲ್ಲಿ, ನೀರಿಗಿಳಿದದ್ದು 1765ರಲ್ಲಿ. ಇನ್ನು ಹಗ್ಗ? ಊಹಿಸಿ. ಒಂದು ಕಿಲೋಮೀಟರ್? ಐದು?

ನಲವತ್ತೆರಡು ಕಿಲೋಮೀಟರ್! ಒಂದು ಮ್ಯಾರಥಾನ್ ಓಟದಷ್ಟು ಉದ್ದದ ಹಗ್ಗ, ಒಂದೇ ಹಡಗಿನ ಮೇಲೆ!

ಅದನ್ನು 72 ಪಟ್ಟು ಕುಗ್ಗಿಸಿದರೂ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದಾರ ಬೇಕು. ಪ್ರತಿ ಎಳೆಗೂ ಹೆಸರುಂಟು, ಕೆಲಸವುಂಟು, ಗಂಟುಂಟು. ಹೊಸಬರು ಇದಕ್ಕೆ ಕೈಹಾಕಿದರೆ ಆಗುವುದಿಷ್ಟೆ: ಬಿಡಿಭಾಗಗಳ ಪೆಟ್ಟಿಗೆ ಅಟ್ಟ ಸೇರುತ್ತದೆ. ಈ ಹವ್ಯಾಸದಲ್ಲಿ ಕೂದಲು ನರೆತವರೆಲ್ಲ ಹೇಳುವ ಬುದ್ಧಿಮಾತು ಒಂದೇ. ಮೊದಲು ದೋಣಿ ಕಟ್ಟು, ಆಮೇಲೆ ಹಡಗು.

ನಾನು ಮಾತು ಕೇಳಿದೆ. ಡೋರಿಯ ಕಿಟ್ಟು ತಂದೆ.

ಡೋರಿ ಅಂದರೆ ಅಟ್ಲಾಂಟಿಕ್‌ನ ಮೀನುಗಾರರ ಚಪ್ಪಟೆ ತಳದ ಹುಟ್ಟುದೋಣಿ. ಕಿಟ್ಟಿನಲ್ಲಿ 24 ಪಟ್ಟು ಚಿಕ್ಕದು. ಇಪ್ಪತ್ತು ಅಡಿಯ ದೋಣಿ ಹತ್ತು ಅಂಗುಲಕ್ಕೆ ಇಳಿದಿರುತ್ತದೆ. ಹಾಗಾದರೆ ಇಂಥ ಎಷ್ಟು ಪುಟ್ಟ ದೋಣಿಗಳ ಮರ ಸೇರಿದರೆ ಒಂದು ನಿಜವಾದ ದೋಣಿಯಾದೀತು?

‘24’ ಅಂದಿರಾ? ತಪ್ಪು! ಉದ್ದ, ಅಗಲ, ದಪ್ಪ ಮೂರೂ ಕುಗ್ಗಿವೆ. 24ನ್ನು 24ರಿಂದ ಗುಣಿಸಿ, ಇನ್ನೊಮ್ಮೆ 24ರಿಂದ ಗುಣಿಸಿ.

13,824!

ಅಂಗೈ ಮೇಲಿನ ಆ ದೋಣಿ ಗುಬ್ಬಿಯಷ್ಟು ಹಗುರ ಯಾಕೆಂದು ಆಗ ತಿಳಿಯಿತು.

ಪೆಟ್ಟಿಗೆ ಬಿಚ್ಚಿದೆ. ಎದೆ ಧಸಕ್ಕೆಂದಿತು. ಹಲಗೆಗಳು ಸೊಟ್ಟ! ಒಂದೂ ನೆಟ್ಟಗಿಲ್ಲ. ಬಾಳೆಹಣ್ಣಿನ ಹಾಗೆ ಬಾಗಿವೆ. ‘ಕತ್ತರಿಸುವಾಗ ಎಡವಟ್ಟು ಮಾಡಿದ್ದಾರೆ’ ಅಂತ ಗೊಣಗಿದೆ. ವಾಪಸ್ ಕಳಿಸಲು ಪೆಟ್ಟಿಗೆ ಮುಚ್ಚಿಯೂ ಬಿಟ್ಟೆ.

ನಿಲ್ಲಿ. ನೀವೊಂದು ಕೆಲಸ ಮಾಡಿ. ಕಿತ್ತಳೆಹಣ್ಣಿನ ಸಿಪ್ಪೆಯನ್ನು ಮೇಲಿಂದ ಕೆಳಗೆ ಪಟ್ಟಿಪಟ್ಟಿಯಾಗಿ ಸುಲಿದು ಮೇಜಿನ ಮೇಲೆ ಒತ್ತಿ ಹರಡಿ. ನಡುವೆ ಅಗಲ, ತುದಿಗಳಲ್ಲಿ ಚೂಪು. ದೋಣಿಯ ಮೈಯೂ ಅಂಥದೇ. ಹೊಟ್ಟೆಯಲ್ಲಿ ಸುತ್ತಳತೆ ಹೆಚ್ಚು, ಮೂತಿಯಲ್ಲಿ ಕಡಿಮೆ. ಎಲ್ಲ ಹಲಗೆಗಳೂ ಒಂದೇ ಅಗಲವಿದ್ದರೆ ಮೂತಿಯಲ್ಲಿ ಅವು ಎಲ್ಲಿಗೆ ಹೋಗಬೇಕು? ಅದಕ್ಕೇ ತುದಿಯತ್ತ ಕಿರಿದಾಗಿಸುತ್ತಾರೆ. ಅದಕ್ಕೇ ಸೊಟ್ಟಗೆ ಕತ್ತರಿಸುತ್ತಾರೆ. ಆ ಬಾಳೆಹಣ್ಣನ್ನು ದೋಣಿಯ ಪಕ್ಕೆಲುಬುಗಳ ಮೇಲೆ ಸುತ್ತಿ ನೋಡಿದೆ.

ಸೊಟ್ಟ ಮಾಯ! ಮೂತಿಯಿಂದ ಹಿಂಬದಿಯವರೆಗೆ ಒಂದೇ ನಯವಾದ ಗೆರೆ! ಮೈ ಜುಮ್ಮೆಂದಿತು. ಐದಾರು ಸಲ ತೆಗೆದು ತೆಗೆದು ಮತ್ತೆ ಸುತ್ತಿ ನೋಡಿದೆ. ಹುಚ್ಚ ಅನ್ನಿ, ಪರವಾಗಿಲ್ಲ.

ತಪ್ಪು ಮಾಡಲಿಲ್ಲವೇ? ಮಾಡಿದೆ, ಬೇಕಾದಷ್ಟು. ಹುರುಪಿನಲ್ಲಿ ಒಂದು ಪಕ್ಕದ ಹಲಗೆಗಳನ್ನೆಲ್ಲ ಅಂಟಿಸಿ ಮುಗಿಸಿದೆ, ಆಮೇಲೆ ಇನ್ನೊಂದು ಪಕ್ಕ. ಅಚ್ಚಿನಿಂದ ಬಿಡಿಸಿದ ಕೂಡಲೇ ದೋಣಿ ಒಣಗಿದ ಎಲೆಯಂತೆ ತಿರುಚಿಕೊಂಡಿತು! ಬಾಗಿದ ಪ್ರತಿ ಹಲಗೆಯೂ ನೆಟ್ಟಗಾಗಲು ಎಳೆಯುತ್ತಲೇ ಇರುತ್ತದಂತೆ. ಎಡಕ್ಕೊಂದು, ಬಲಕ್ಕೊಂದು ಅಂಟಿಸುತ್ತಾ ಹೋದರೆ ಎಳೆತಗಳು ಸರಿದೂಗುತ್ತವೆ. ಮತ್ತೆ ಬಿಸಿ ಹಿಡಿದು, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನೆಲ್ಲ ಸುರಿದು ಬಿಗಿದು ಒಂದಿಷ್ಟು ಸರಿಪಡಿಸಿದೆ. ಎರಡು ದಿನ ಮನೆಯ ಬಟ್ಟೆಗಳು ಗಾಳಿಗೆ ಹಾರಾಡಿದವು.

ಹೀಗೆ ಆರು ವಾರ ಹಿಡಿಯಿತು, ಒಂದು ಡೋರಿಗೆ.

ಈಗ ಬೆರಗಾಗಲು ಸಿದ್ಧರಾಗಿ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಏಮ್ಸ್‌ಬರಿಯಲ್ಲಿ ಲೋವೆಲ್ ಎಂಬ ಮನೆತನ ಹುಟ್ಟುಹಾಕಿದ ದೋಣಿಕಟ್ಟೆಯಿದೆ. ಶುರುವಾದದ್ದು 1793ರಲ್ಲಿ. ಇವತ್ತಿಗೂ ಅಲ್ಲಿ ದೋಣಿ ಕಟ್ಟುತ್ತಾರೆ! ನನ್ನ ಡೋರಿಯ ಅಜ್ಜಂದಿರು ಹುಟ್ಟಿದ್ದು ಅಲ್ಲೇ. 1911ರ ಒಂದೇ ವರ್ಷದಲ್ಲಿ ಅವರು ಎಷ್ಟು ದೋಣಿ ಕಟ್ಟಿದರು, ಹೇಳಿ? ನೂರು? ಇನ್ನೂರು?

2,029!

ಭಾನುವಾರವನ್ನೂ ಸೇರಿಸಿ ಲೆಕ್ಕ ಹಾಕಿದರೆ ದಿನಕ್ಕೆ ಐದೂವರೆ! ಲೋಟದೊಳಗೆ ಲೋಟ ಇಟ್ಟಂತೆ ಹಡಗಿನ ಮೇಲೆ ಒಂದರೊಳಗೊಂದು ಪೇರಿಸಿ ಇವನ್ನು ನಡುಗಡಲಿಗೆ ಒಯ್ಯುತ್ತಿದ್ದರು. ಅಲ್ಲಿ ಒಂದೊಂದರಲ್ಲಿ ಇಬ್ಬಿಬ್ಬರಂತೆ ಇಳಿದು ಮೀನು ಹಿಡಿಯುತ್ತಿದ್ದರು.

ಅವರಲ್ಲಿ ಒಬ್ಬನ ಕಥೆ ಹೇಳಲೇಬೇಕು. ಹೊವಾರ್ಡ್ ಬ್ಲ್ಯಾಕ್‌ಬರ್ನ್. 1883ರ ಜನವರಿ, ನ್ಯೂಫೌಂಡ್‌ಲ್ಯಾಂಡ್ ಬಳಿಯ ಕಡಲು, ಹಿಮಗಾಳಿ. ಅವನ ಡೋರಿ ದೊಡ್ಡ ಹಡಗಿನಿಂದ ತಪ್ಪಿಸಿಕೊಂಡಿತು. ಕೈಗವಸು ನೀರುಪಾಲು. ಕೈ ಹೆಪ್ಪುಗಟ್ಟುವುದು ಖಾತ್ರಿ. ಅವನೇನು ಮಾಡಿದ, ಊಹಿಸಬಲ್ಲಿರಾ?

ಬೆರಳುಗಳನ್ನು ಹುಟ್ಟಿನ ಸುತ್ತ ಮಡಿಚಿ, ಹಾಗೇ ಹೆಪ್ಪುಗಟ್ಟಲು ಬಿಟ್ಟ! ಸೆಟೆದರೂ ಹುಟ್ಟು ಹಿಡಿಯುವ ಕೊಕ್ಕೆಗಳಾಗಿ ಸೆಟೆಯಲಿ ಎಂದು! ಜೊತೆಗಾರ ದೋಣಿಯಲ್ಲೇ ಸತ್ತ. ಇವನು ಹುಟ್ಟು ಹಾಕುತ್ತಲೇ ಹೋದ. ಐದನೆಯ ದಿನ ದಡ ಸೇರಿದ. ಬೆರಳುಗಳೆಲ್ಲ ಹೋದವು. ಆಮೇಲೆ? 1899ರಲ್ಲಿ ಅದೇ ಬೆರಳಿಲ್ಲದ ಕೈಗಳಲ್ಲಿ, ಒಬ್ಬನೇ, ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿದ. 1901ರಲ್ಲಿ ಇನ್ನೊಮ್ಮೆ!

ಇದನ್ನು ಓದಿದ ರಾತ್ರಿ ನಾನು ಉಜ್ಜುತ್ತಿದ್ದುದು ಅಂಥದೇ ಹುಟ್ಟನ್ನು. ಬೆಂಕಿಕಡ್ಡಿಗಿಂತ ತುಸು ದಪ್ಪ, ಹನ್ನೊಂದು ಸೆಂಟಿಮೀಟರ್ ಉದ್ದ. ಕೈ ಸ್ವಲ್ಪ ನಡುಗಿತು.

ಉಪಕರಣಗಳ ಬಗ್ಗೆ ಕೇಳುತ್ತೀರಾ? ಒಂದು ಚಾಕು, ಉಪ್ಪುಕಾಗದ, ಬಿಳಿ ಅಂಟು, ಕ್ಲಿಪ್ಪು. ಮುಗೀತು. ನನಗೆ ಹೇಳಬೇಕಾಗಿರುವುದು ಗುಟ್ಟುಗಳನ್ನು! ಹಡಗಿನ ಡೆಕ್ಕಿನಲ್ಲಿ ಹಲಗೆಗಳ ನಡುವೆ ಡಾಂಬರು ತುಂಬಿದ ಕಪ್ಪು ಗೆರೆ ಇರುತ್ತದಲ್ಲ, ಅದನ್ನು ಮಾದರಿಯಲ್ಲಿ ಹೇಗೆ ತರುತ್ತಾರೆ ಗೊತ್ತೇ? ಹಲಗೆಯ ಅಂಚಿಗೆ ಪೆನ್ಸಿಲ್ ಉಜ್ಜುತ್ತಾರೆ! ಎರಡು ರೂಪಾಯಿಯ ಕೆಲಸ, ಎರಡು ಶತಮಾನದ ನೋಟ!

ಮರದ ಮೊಳೆಗಳು ಇನ್ನೂ ಸೋಜಿಗ. ಎರಡು ಬೆರಳು ದಪ್ಪದ ಮರದ ಮೊಳೆ 48 ಪಟ್ಟು ಕುಗ್ಗಿದರೆ ಮಿಲಿಮೀಟರಿನ ಮುಕ್ಕಾಲು ಪಾಲು! ಅಕ್ಕಸಾಲಿಗರು ಕಂಬಿ ಎಳೆಯುವ ಅಚ್ಚು ನೋಡಿದ್ದೀರಲ್ಲ? ಅಂಥದೇ ತೂತಿನ ತಗಡಿನಲ್ಲಿ ಬಿದಿರು ಕಡ್ಡಿಯನ್ನು ಎಳೆದೆಳೆದು ಸಣ್ಣ ಮಾಡುತ್ತಾರೆ. ನನಗೆ ಬಿದಿರು ಎಲ್ಲಿ ಸಿಕ್ಕಿತು? ದೇವರಮನೆಯಲ್ಲಿ. ಉರಿದು ಉಳಿದ ಊದುಬತ್ತಿ ಕಡ್ಡಿ!

ಇನ್ನೊಂದು ಒಗಟು. ನಿಜವಾದ ಹಡಗಿಗೆ ತೇಗದಂಥ ಮರ ಇನ್ನೊಂದಿಲ್ಲ. ಬೊಂಬಾಯಿಯಲ್ಲಿ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲೀ’ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ! ಹಾಗಿದ್ದರೆ ಪುಟ್ಟ ಮಾದರಿಗೂ ತೇಗವೇ ಚೆನ್ನ, ಅಲ್ಲವೇ?

ಅಲ್ಲ! ಹಡಗನ್ನು ಕುಗ್ಗಿಸಬಹುದು, ಮರದ ನಾರನ್ನು ಕುಗ್ಗಿಸಲಾದೀತೇ? ಪುಟ್ಟ ಹಡಗಿನ ಮೇಲೆ ತೇಗದ ಒರಟು ಗೀರುಗಳು ಕಾಲುವೆಗಳಂತೆ ಕಾಣುತ್ತವೆ. ಬೇಕಾದದ್ದು ನಯವಾದ, ಒತ್ತಾದ ನಾರಿನ ಮರ. ಚನ್ನಪಟ್ಟಣದ ಬೊಂಬೆಗಳ ಹಾಲೆಮರ ಅಂಥದೇ. ಮುಂದಿನ ದೋಣಿಗೆ ಅದನ್ನೇ ಬಳಸಿ ನೋಡುವ ಆಸೆಯಿದೆ.

ಮರವೇ ಸಿಗದಿದ್ದರೆ? ಆಗಲೂ ಕಟ್ಟಿದವರಿದ್ದಾರೆ! ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚರನ್ನು ಇಂಗ್ಲೆಂಡಿನ ಪೀಟರ್‌ಬರೋ ಹತ್ತಿರದ ನಾರ್ಮನ್ ಕ್ರಾಸ್ ಶಿಬಿರದಲ್ಲಿ ಕೂಡಿಹಾಕಿದ್ದರು. ಕೈಯಲ್ಲಿ ಬಿಡುವು ಬೇಕಾದಷ್ಟು, ಸಾಮಾನು ಶೂನ್ಯ. ಅವರು ಹಡಗು ಕಟ್ಟಿದ್ದು ಯಾವುದರಿಂದ?

ಊಟದ ತಟ್ಟೆಯಲ್ಲಿ ಉಳಿದ ಮೂಳೆಗಳಿಂದ!

ಮೂಳೆಯನ್ನು ಸೀಳಿ ಹಲಗೆ ಮಾಡಿದರು, ಪುಟ್ಟ ಮೊಳೆಗಳಿಂದ ಬಿಗಿದರು, ಶಿಬಿರದ ಬಾಗಿಲಲ್ಲೇ ಮಾರಿದರು. ಕೆಲವು ಹಡಗುಗಳಲ್ಲಿ ದಾರ ಎಳೆದರೆ ಸಾಲಾಗಿ ಎಲ್ಲ ಫಿರಂಗಿಗಳೂ ಒಳಗೆ ಸರಿಯುತ್ತವೆ! ಆ ಕೈದಿಗಳ ಕೈಕೆಲಸ ಪೀಟರ್‌ಬರೋ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ.

ಇಷ್ಟೆಲ್ಲ ಆದಮೇಲೂ ‘ಇದು ಮಕ್ಕಳಾಟ’ ಎನ್ನುವವರಿಗೆ ನಾನು ಕಾರವಾರದ ಕಡೆ ಬೆರಳು ತೋರಿಸುತ್ತೇನೆ.

2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಒಂದು ಹಡಗು ನೌಕಾಪಡೆಗೆ ಸೇರಿತು. ಹೆಸರು ‘ಕೌಂಡಿನ್ಯ’. ಅದರ ಹಲಗೆಗಳನ್ನು ಜೋಡಿಸಲು ಎಷ್ಟು ಮೊಳೆ ಹೊಡೆದರು ಗೊತ್ತೇ? ಒಂದೂ ಇಲ್ಲ! ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಹೌದು, ಹೊಲಿದಿದ್ದಾರೆ! ಕೇರಳದ ಕುಶಲಕರ್ಮಿಗಳ ಕೈ, ಗೋವಾದ ಹಡಗುಕಟ್ಟೆ. ಹಾಯಿಯ ಮೇಲೆ ಯಾರಿದ್ದಾರೆ ಹೇಳಿ? ನಮ್ಮ ಗಂಡಭೇರುಂಡ!

ನಕ್ಷೆ? ಇರಲೇ ಇಲ್ಲ. ಇದ್ದದ್ದು ಅಜಂತಾದ ಗುಹೆಯಲ್ಲಿ ಐದನೆಯ ಶತಮಾನದ ಒಂದು ವರ್ಣಚಿತ್ರ. ಗೋಡೆಯ ಮೇಲಿನ ಚಿತ್ರ ನೋಡಿ ಕಟ್ಟಿದ ಹಡಗು ಕಡಲಲ್ಲಿ ನಿಂತೀತೇ? ಅದನ್ನು ತಿಳಿಯಲು ಐಐಟಿ ಮದ್ರಾಸಿನ ಸಾಗರ ಎಂಜಿನಿಯರಿಂಗ್ ವಿಭಾಗದವರು ಏನು ಮಾಡಿದರು?

ಪುಟ್ಟ ಮಾದರಿ ಮಾಡಿ ಪರೀಕ್ಷಿಸಿದರು!

2025ರ ಡಿಸೆಂಬರ್ 29ರಂದು ಕೌಂಡಿನ್ಯ ಪೋರಬಂದರಿನಿಂದ ಹಾಯಿ ಬಿಚ್ಚಿ ಹೊರಟಿತು. ಮಸ್ಕತ್ ಮುಟ್ಟಿತು.

ನನ್ನ ಡೋರಿ ಪುಸ್ತಕದ ಕಪಾಟಿನ ಮೇಲಿದೆ. ಎಡಕ್ಕೆ ಎರಡು ಮಿಲಿಮೀಟರ್ ವಾಲಿದೆ. ಬಂದವರಿಗೆ ನಾನು ಮೊದಲು ತೋರಿಸುವುದು ಆ ವಾಲಿಕೆಯನ್ನೇ.

ನಿಮ್ಮ ಮನೆಯಲ್ಲೂ ಹೇರ್ ಡ್ರೈಯರ್ ಇದೆ ತಾನೇ? ಒಂದು ಪಟ್ಟಿ ತಂದು ಬಾಗಿಸಿ ನೋಡಿ. ಮೊದಲನೆಯದು ಮುರಿಯುತ್ತದೆ, ಖಂಡಿತ. ಎಸೆಯಬೇಡಿ. ದೋಣಿಯೊಳಗೆ ಕೂರುವ ಅಡ್ಡಹಲಗೆಗೆ ಆ ತುಂಡೇ ಬೇಕಾಗುತ್ತದೆ!