ತೂತುಗಡಿಗೆಯ ನೀರೂ ನೆಲಮಾಳಿಗೆಯ ಶಾಖವೂ

ಮನೆಯನ್ನು ತಂಪಾಗಿಡುವುದು ಹೇಗೆಂಬುದೇ ನಮ್ಮ ಸೀಮೆಯ ಹಿರಿಯರ ಚಿಂತೆಯಾಗಿದ್ದಿತು. ದಪ್ಪನಾದ ಮಣ್ಣಿನ ಗೋಡೆ, ನಡುವೆ ತೊಟ್ಟಿ, ಮೇಲೆ ಹೆಂಚು, ಇಷ್ಟಿದ್ದರೆ ಮೈಸೂರಿನ ಕಡೆ ಹನ್ನೆರಡು ತಿಂಗಳೂ ಸುಖವಾಗಿರಬಹುದು. ಮಾಗಿಯ ಚಳಿಗೆ ಒಂದು ಕಂಬಳಿಯೂ ಬಚ್ಚಲೊಲೆಯ ಮುಂದಿನ ಜಾಗವೂ ಸಾಕು. ಆದರೆ ಈಗ ನಮ್ಮ ಮಕ್ಕಳಲ್ಲನೇಕರು ಸಮುದ್ರವನ್ನು ದಾಟಿ ಹಿಮ ಬೀಳುವ ದೇಶಗಳಲ್ಲಿ ಸಂಸಾರ ಹೂಡಿರುವರಷ್ಟೆ. ಅವರಲ್ಲಿಗೆ ಹೋಗಿಬರುವ ತಾಯಿತಂದೆಗಳೂ ಬಹುಮಂದಿ. ಆದುದರಿಂದ ಅಲ್ಲಿಯ ಹಳೆಯ ಮನೆಯೊಂದರ ನೆಲಮಾಳಿಗೆಯ ವಿಚಾರವನ್ನೂ, ಅಲ್ಲಿ ನಾವು ಮಾಡಿದ ಅಪರಾಧವೊಂದನ್ನೂ ವಾಚಕರ ಮುಂದಿಡುವುದು ಅಪ್ರಸ್ತುತವಾಗದೆಂದು ಭಾವಿಸುತ್ತೇವೆ.

ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಅಮೆರಿಕದ ಷಿಕಾಗೋ ನಗರದ ಬಳಿ ನಮ್ಮ ಮಗನ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದೆವು. ಆ ಊರಿನ ಚಳಿಯು ಸಾಮಾನ್ಯವಾದುದಲ್ಲ. ೨೦೧೯ನೆಯ ಇಸವಿ ಜನವರಿ ೩೦ರಂದು ಅಲ್ಲಿಯ ಶೈತ್ಯವು ಸೊನ್ನೆಗಿಂತ ಕೆಳಗೆ ೩೦ ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿದ್ದಿತು. ಇಂತಹ ನಾಡಿನಲ್ಲಿ ಮನೆಯನ್ನು ಕಾಯಿಸುವುದೆಂದರೆ ಭೋಗವಲ್ಲ, ಪ್ರಾಣರಕ್ಷಣೆ.

ಮನೆಯು ಸುಮಾರು ನೂರು ವರ್ಷದ್ದು. ಅದರ ಅಡಿಯಲ್ಲಿ ಕಾಂಕ್ರೀಟು ಗೋಡೆಗಳ ನೆಲಮಾಳಿಗೆ. ಅದರ ಮೂಲೆಯಲ್ಲಿ ಗ್ಯಾಸಿನಿಂದುರಿಯುವ ದೊಡ್ಡ ಒಲೆ. ಒಂದು ಕಾಲಕ್ಕೆ ಇಂತಹ ಮನೆಗಳಲ್ಲಿ ಕಲ್ಲಿದ್ದಲಿನ ಒಲೆಗಳಿದ್ದು, ಬಿಸಿಗಾಳಿಯು ತಾನಾಗಿಯೇ ಮೇಲೇರುತ್ತಿದ್ದಿತು. ಈಗ ಬೀಸುಗಾಲಿಯೊಂದು ಗಾಳಿಯನ್ನು ತಗಡಿನ ಕೊಳವೆಗಳ ಮೂಲಕ ಕೋಣೆಕೋಣೆಗೂ ನೂಕುತ್ತದೆ. ಬೇರೆ ಕೊಳವೆಗಳು ತಣ್ಣಗಾದ ಗಾಳಿಯನ್ನು ಮರಳಿ ಒಲೆಗೆ ತರುತ್ತವೆ. ನಮ್ಮ ದೇಹದ ರಕ್ತನಾಳಗಳ ಕ್ರಮವೇ ಇದೂ ಎಂದರೆ ಸಲ್ಲುವುದು.

ಒಲೆಯೇನೋ ಹಗಲಿರುಳೂ ಉರಿಯುತ್ತಿದ್ದಿತು. ಆದರೂ ಮಹಡಿಯ ಮೇಲೆ ನಾಲ್ಕು ವರ್ಷದ ನಮ್ಮ ಮೊಮ್ಮಗಳು ಮಲಗುವ ಕೋಣೆ ತಣ್ಣಗೇ ಇರುತ್ತಿದ್ದಿತು. ಮಗುವು ಎರಡು ಕಾಲುಚೀಲ ತೊಟ್ಟು ಮಲಗುವುದನ್ನು ನೋಡಿ ನಮ್ಮ ಮನಸ್ಸು ಮರುಗಿತು. ಗ್ಯಾಸಿನ ಬಿಲ್ಲು ಮಾತ್ರ ತಿಂಗಳುತಿಂಗಳಿಗೂ ಏರುತ್ತಿದ್ದಿತು. ಹಾಗಾದರೆ ಆ ಶಾಖವೆಲ್ಲವೂ ಹೋಗುತ್ತಿದ್ದುದೆಲ್ಲಿಗೆ?

ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ ಸಚ್ಛಿದ್ರಘಟಾಂಬುನ್ಯಾಯವೆಂಬುದೊಂದುಂಟು. ತೂತುಬಿದ್ದ ಗಡಿಗೆಗೆ ಎಷ್ಟು ನೀರು ಹೊಯ್ದರೇನು? ಮಗನು ಕೆಲಸದವನೊಬ್ಬನನ್ನು ಕರೆಸಿದಾಗ ತಿಳಿದುದು ಇದೇ. ಸಾಮಾನ್ಯ ಮನೆಗಳಲ್ಲಿ ಕೊಳವೆಗಳೊಳಗೆ ಹರಿಯುವ ಗಾಳಿಯ ನೂರಕ್ಕೆ ೨೦ರಿಂದ ೩೦ ಪಾಲು ಸಂದುಗಳಲ್ಲಿಯೇ ಸೋರಿಹೋಗುವುದೆಂದು ಅಲ್ಲಿಯ ಸರ್ಕಾರದವರು ಅಂದಾಜು ಮಾಡಿರುವರು. ನಮ್ಮ ಸೊಸೆಯು ಊದುಬತ್ತಿಯೊಂದನ್ನು ಹಚ್ಚಿ ಕೊಳವೆಯ ಬೆಸುಗೆಗಳ ಬಳಿ ಹಿಡಿದಳು. ಹೊಗೆಯು ನೆಟ್ಟಗೇಳದೆ ಸಂದುಸಂದಿನಲ್ಲಿಯೂ ಪಕ್ಕಕ್ಕೆ ಚದುರಿತು. ಮಗುವಿನ ಕೋಣೆಗೆ ಹೋಗತಕ್ಕ ಶಾಖವು ನೆಲಮಾಳಿಗೆಯ ಹಳೆಯ ಪೆಟ್ಟಿಗೆಗಳನ್ನು ಬೆಚ್ಚಗಿಡುತ್ತಿದ್ದಿತು!

ಈ ಸಂದುಗಳನ್ನು ಮುಚ್ಚುವ ಕ್ರಮ ಹೀಗೆ: ಮೊದಲು ಕಳಚಿದ ಕೊಳವೆಗಳನ್ನು ತಿರುಪಿನಿಂದ ಬಿಗಿದು, ಸಂದುಗಳಿಗೆ ಮ್ಯಾಸ್ಟಿಕ್ ಎಂಬ ಅಂಟುಸರಿಯನ್ನು ಕುಂಚದಿಂದ ಬಳಿಯಬೇಕು, ಇಲ್ಲವೇ ಲೋಹದ ಹಾಳೆಯ ಅಂಟುಪಟ್ಟಿಯನ್ನು ಒತ್ತಬೇಕು. ಡಕ್ಟ್ ಟೇಪ್ ಎಂದೇ ಹೆಸರಾದ ಬಟ್ಟೆಯ ಪಟ್ಟಿಯು ಈ ಕೆಲಸಕ್ಕೆ ಬಾರದು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯವರು ೧೯೯೮ರಲ್ಲಿ ಇದನ್ನು ಪರೀಕ್ಷಿಸಿ, ಬಿಸಿಗೆ ಇದರ ಅಂಟು ಬಿಡುವುದೆಂದು ಕಂಡರು. ಹೆಸರು ಅನ್ವರ್ಥವಾಗಿರಲೇಬೇಕೆಂಬ ನಿಯಮವಿಲ್ಲ! ಶಾಖನಿರೋಧಕವಾದ ಹೊದಿಕೆಯನ್ನು ಕೊಳವೆಗೆ ಸುತ್ತುವುದು ಎರಡನೆಯ ಕೆಲಸ. ಕಾಯಿಸದಿರುವ ಎಡೆಗಳಲ್ಲಿ ಕೊಳವೆಯು ಹಾದುಹೋಗುವಾಗ ಅದು ಅತ್ಯಗತ್ಯ. ಸಂದನ್ನು ಮುಚ್ಚದೆ ಹೊದಿಕೆ ಸುತ್ತುವುದೆಂದರೆ ತೂತುಗಡಿಗೆಗೆ ಶಾಲು ಹೊದಿಸಿದಂತೆ.

ಇಲ್ಲೊಂದು ಎಚ್ಚರಿಕೆ. ಹಳೆಯ ಕೊಳವೆಗಳ ಮೇಲೆ ಬಿಳಿಯ ಕಾಗದದಂತಹ ಸುತ್ತು ಕಂಡರೆ ಅದು ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಆಗಿರಬಹುದು. ಅದನ್ನು ಕೀಳಲೂ ಕೆರೆಯಲೂ ಕೂಡದು. ಅದರ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶವನ್ನು ಸೇರಿ, ಅನೇಕ ವರ್ಷಗಳ ಮೇಲೆ ಘೋರವಾದ ರೋಗಗಳನ್ನು ತರುತ್ತವೆ. ಬಲ್ಲವರಿಂದ ಪರೀಕ್ಷೆ ಮಾಡಿಸಿಯೇ ಮುಂದುವರಿಯತಕ್ಕದ್ದು.

ಇನ್ನು ಗೋಡೆಗಳ ಮಾತು. ಮೊದಲು ನೀರನ್ನು ತಡೆಯಬೇಕು, ಆಮೇಲೆ ಚಳಿಯನ್ನು. ಸೂರಿನ ದೋಣಿಯ ನೀರು ಗೋಡೆಯ ಬುಡದಲ್ಲಿ ಬೀಳದೆ ದೂರ ಹರಿಯುವಂತೆಯೂ, ಸುತ್ತಲಿನ ನೆಲ ಮನೆಯಿಂದಾಚೆಗೆ ಇಳಿಜಾರಾಗಿರುವಂತೆಯೂ ಮಾಡಬೇಕು. ತೇವವಾದ ಗೋಡೆಗೆ ಗಾಜಿನೆಳೆಯ ಅರಳೆಯನ್ನು ಒತ್ತಿದರೆ ಒಳಗೆ ಬೂಷ್ಟು ಬೆಳೆಯುವುದು. ಅದಕ್ಕೆ ಬದಲಾಗಿ ಪಾಲಿಸ್ಟೈರೀನಿನ ಗಟ್ಟಿ ನೊರೆಹಲಗೆಗಳನ್ನು ಗೋಡೆಗೆ ಅಂಟಿಸುವರು. ಶಾಖವನ್ನು ತಡೆಯುವುದರಲ್ಲಿ ಇದರ ಒಂದು ಅಂಗುಲವು ಎಂಟು ಅಂಗುಲದ ಕಾಂಕ್ರೀಟಿಗಿಂತ ಹಲವು ಪಟ್ಟು ಮೇಲು. ಆದರೆ ನೊರೆಗೆ ಬೆಂಕಿಯ ಭಯವಿರುವುದರಿಂದ ಅದರ ಮೇಲೆ ಅರ್ಧ ಅಂಗುಲದ ಜಿಪ್ಸಂ ಹಲಗೆಯನ್ನು ಹೊದಿಸಬೇಕು.

ಎಲ್ಲಕ್ಕಿಂತ ಹೆಚ್ಚು ಶಾಖ ನಷ್ಟವಾಗುವ ಎಡೆಗಳಲ್ಲೊಂದು, ಮನೆಯ ತೊಲೆಗಳು ಅಡಿಗೋಡೆಯ ಮೇಲೆ ಕೂರುವ ಅಂಚು. ಅಲ್ಲಿ ಒಳಗಿಗೂ ಹೊರಗಿಗೂ ನಡುವೆ ಬರಿಯ ಮರದ ಹಲಗೆ. ಮನೆಯ ಬಿಸಿಗಾಳಿ ಮೇಲೇರಿ ಹೋಗುವಾಗ ತಂಗಾಳಿಯು ಈ ಬಿರುಕುಗಳಿಂದಲೇ ಒಳಗೆ ಸೇದಲ್ಪಡುವುದು. ತೊಲೆಗಳ ನಡುವಣ ಒಂದೊಂದು ಗೂಡಿಗೂ ನೊರೆಹಲಗೆಯನ್ನು ಅಳತೆಗೆ ಕೊಯ್ದು ಕೂರಿಸಿ, ಅಂಚುಗಳನ್ನು ಉಬ್ಬುನೊರೆಯಿಂದ ಮುಚ್ಚಿದರು.

ಈ ಕೆಲಸವನ್ನು ನೋಡಿ ನೋಡಿ ನಮಗೂ ಹುರುಪೇರಿತು. ಒಂದು ಸಂಜೆ ಒಬ್ಬರೇ ನೆಲಮಾಳಿಗೆಗೆ ಇಳಿದಾಗ, ಒಲೆಯ ಬಳಿ ಹೊರಗೋಡೆಯಿಂದ ಬಂದ ಕೊಳವೆಯೊಂದರ ಬಾಯಿಂದ ಚಳಿಗಾಳಿ ಸುರಿಯುತ್ತಿದ್ದುದು ಕಂಡಿತು. ಇದನ್ನು ಮರೆತಿರುವರಲ್ಲಾ ಎಂದುಕೊಂಡು, ನಮ್ಮ ಹಳೆಯ ಪಂಚೆಯೊಂದನ್ನು ಮಡಿಸಿ ಅದರೊಳಗೆ ಬಿಗಿಯಾಗಿ ತುರುಕಿದೆವು. ಆ ಜಾಣತನವನ್ನು ಬೆಳಿಗ್ಗೆ ಎಲ್ಲರಿಗೂ ತೋರಿಸಬೇಕೆಂದಿದ್ದೆವು.

ನಡುರಾತ್ರಿಯಲ್ಲಿ ಗೋಡೆಯ ಮೇಲಿನ ಎಚ್ಚರಿಕೆಯ ಯಂತ್ರವು ಕರ್ಕಶವಾಗಿ ಕೂಗಿತು. ಮಗನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೋಡಿದನು. ನಾವೆಲ್ಲರೂ ಹಿಮದಲ್ಲಿ ನಿಂತೆವು. ಅಗ್ನಿಶಾಮಕದಳದವರು ಬಂದು ಒಲೆಯನ್ನಾರಿಸಿ, ಬಾಗಿಲು ಕಿಟಕಿಗಳನ್ನು ತೆರೆದು, ಹುಡುಕಿ, ನಮ್ಮ ಪಂಚೆಯನ್ನು ಹೊರತೆಗೆದರು. ಅದು ಒಲೆಯು ಉಸಿರಾಡುವ ಕೊಳವೆ. ಬಿರುಕುಗಳೆಲ್ಲ ಮುಚ್ಚಿದ ಮೇಲೆ ಉರಿಗೆ ಬೇಕಾದ ಗಾಳಿ ಬರಲು ಇದ್ದ ದಾರಿ ಅದೊಂದೇ. ಅದನ್ನೂ ನಾವು ಕಟ್ಟಿದುದರಿಂದ, ಹೊಗೆಗೊಳವೆಯಲ್ಲಿ ಹೊರಹೋಗಬೇಕಾದ ವಿಷಾನಿಲವು, ಕಾರ್ಬನ್ ಮಾನಾಕ್ಸೈಡು, ಮನೆಯೊಳಕ್ಕೆ ಚೆಲ್ಲಿತು.

ನಮ್ಮ ಹಳ್ಳಿಗಳಲ್ಲಿ ಹಗೇವಿಗೆ ಇಳಿಯುವ ಮುನ್ನ ದೀಪವನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಆದರೆ ಈ ವಿಷಕ್ಕೆ ದೀಪವೂ ಆರದು, ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ, ಮಂಪರು ಬಂದರೆ ಶೀತವೆಂದು ತಿಳಿದು ಮಲಗಿದವರು ಏಳದೆಯೇ ಹೋಗಬಹುದು. ಆ ಯಂತ್ರವಿಲ್ಲದಿದ್ದರೆ ಏನಾಗುತ್ತಿದ್ದಿತೆಂದು ನೆನೆದರೆ ಈಗಲೂ ಮೈ ನಡುಗುವುದು.

ಮಗನು ಒಂದು ಮಾತನ್ನೂ ಆಡಲಿಲ್ಲ. ಮಕ್ಕಳಿಗೆ ಛಿದ್ರವೆಂದರೇನು, ದ್ವಾರವೆಂದರೇನು ಎಂದು ಎಷ್ಟೋ ವರ್ಷ ಅರ್ಥ ಹೇಳಿದ ನಾವು ಆ ರಾತ್ರಿಯೇ ಅದರ ಭೇದವನ್ನು ಕಲಿತುದು. ತೂತುಗಳೆಲ್ಲವೂ ದೋಷಗಳಲ್ಲ. ಕೆಲವು ಸೋರುವುದಕ್ಕೆ, ಕೆಲವು ಉಸಿರಾಡುವುದಕ್ಕೆ.

ಈಗ ಮಗುವು ಒಂದೇ ಕಾಲುಚೀಲ ತೊಟ್ಟು ಮಲಗುತ್ತದೆ. ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಚಳಿಯ ದೇಶದಲ್ಲಿರುವ ಮಕ್ಕಳಿಗೆ ಪತ್ರ ಬರೆಯುವಾಗ, ಎಚ್ಚರಿಕೆಯ ಯಂತ್ರವು ಮಲಗುವ ಕೋಣೆಗಳ ಬಳಿ ಇದೆಯೇ, ಅದರ ಬ್ಯಾಟರಿಯು ಸರಿಯಾಗಿದೆಯೇ ಎಂದು ಕೇಳಿರಿ. ನೀವೇ ಅಲ್ಲಿಗೆ ಹೋದಾಗ, ಯಾವ ತೂತನ್ನೇ ಆಗಲಿ ಮುಚ್ಚುವ ಮುನ್ನ ಅದು ಏತಕ್ಕಿದೆಯೆಂದು ಕೇಳಿ ತಿಳಿದುಕೊಳ್ಳಿರಿ.