ಪೋರ್ಟ್ಸ್‌ಮತ್: ಮೊದಲು ಮುಳುಗಿದ ಹಡಗನ್ನು ನೋಡಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ನಗರಕ್ಕೆ ಹೋದವರು ಸಾಮಾನ್ಯವಾಗಿ ಮೊದಲು ಹುಡುಕುವುದು ಎಚ್‌ಎಂಎಸ್ ವಿಕ್ಟರಿ ಹಡಗನ್ನು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕದನದಲ್ಲಿ ಫ್ರಾನ್ಸ್ ಮತ್ತು ಸ್ಪೇನ್‌ಗಳ ಕೂಡುಪಡೆಯನ್ನು ಸೋಲಿಸಿದ ಅಡ್ಮಿರಲ್ ನೆಲ್ಸನ್ ಪ್ರಾಣ ಬಿಟ್ಟದ್ದು ಈ ಹಡಗಿನ ಒಡಲಲ್ಲಿ. ಅವನಿಗೆ ಗುಂಡು ತಗುಲಿದ ಜಾಗ, ಅವನು ಕೊನೆಯುಸಿರೆಳೆದ ಮೂಲೆ, ಇಷ್ಟನ್ನು ನೋಡಿ ಸಂಜೆಯ ರೈಲಿಗೆ ಲಂಡನ್ನಿಗೆ ಮರಳಿದರೆ ಪೋರ್ಟ್ಸ್‌ಮತ್ ಒಬ್ಬ ಸೇನಾನಿಯ ಸ್ಮಾರಕವಾಗಿಯೇ ಮನಸ್ಸಿನಲ್ಲಿ ಉಳಿಯುತ್ತದೆ. ಅಷ್ಟೇ ಆಗಿ ಉಳಿದರೆ ಊರಿಗೆ ಅನ್ಯಾಯವಾಗುತ್ತದೆ ಎಂಬುದು ನನ್ನ ವಾದ. ಐದು ಶತಮಾನಗಳಿಂದ ಈ ನಗರವನ್ನು ಹೊತ್ತು ನಡೆಸಿದವರು ಬಡಗಿಗಳು, ಕಮ್ಮಾರರು, ಹಗ್ಗ ಹೊಸೆಯುವವರು, ಗುಮಾಸ್ತರು ಮತ್ತು ಚರಿತ್ರೆಯಲ್ಲಿ ಹೆಸರು ಉಳಿಯದ ನಾವಿಕರು. ಅವರ ಕುರುಹುಗಳು ಇಲ್ಲಿ ಧಾರಾಳವಾಗಿ ಉಳಿದಿವೆ, ಆದರೆ ನೋಡುವ ಕ್ರಮ ಬದಲಾಗದೆ ಅವು ಕಣ್ಣಿಗೆ ಬೀಳುವುದಿಲ್ಲ. ಗೆದ್ದ ಹಡಗಿಗಿಂತ ಮೊದಲು ಮುಳುಗಿದ ಹಡಗಿನ ಬಳಿಗೆ ಹೋಗಬೇಕು.

ಈ ಊರು ನೌಕಾನೆಲೆಯಾದದ್ದೇಕೆ ಎಂಬುದನ್ನು ಭೂಪಟವೇ ಹೇಳುತ್ತದೆ. ನಗರದ ಬಹುಭಾಗ ಇರುವುದು ಪೋರ್ಟ್‌ಸೀ ಎಂಬ ದ್ವೀಪದ ಮೇಲೆ. ಎದುರಿಗೆ ಐಲ್ ಆಫ್ ವೈಟ್ ದ್ವೀಪ ಅಡ್ಡ ನಿಂತಿರುವುದರಿಂದ ನಡುವಿನ ಸೊಲೆಂಟ್ ಜಲಸಂಧಿಗೆ ತೆರೆದ ಕಡಲಿನ ಆರ್ಭಟ ಅಷ್ಟಾಗಿ ತಟ್ಟುವುದಿಲ್ಲ. ಬಂದರಿನ ಬಾಯಿ ಕಿರಿದು, ಒಳಗು ವಿಶಾಲ. ಕಡಲಾಚೆಗೆ ಫ್ರಾನ್ಸ್. 1495ರಲ್ಲಿ ದೊರೆ ಏಳನೆಯ ಹೆನ್ರಿ ಇಲ್ಲಿ ಡ್ರೈ ಡಾಕ್ ಒಂದನ್ನು ಕಟ್ಟಿಸಿದ. ಹಡಗನ್ನು ಒಳಗೆ ತಂದು, ಬಾಯಿ ಮುಚ್ಚಿ, ನೀರನ್ನು ಹೊರಹಾಕಿದರೆ ಅದರ ತಳ ಕೆಲಸಗಾರರ ಕೈಗೆ ಸಿಗುತ್ತದೆ. ಮರದ ಹಡಗಿನ ತಳವನ್ನು ಹುಳು ಕೊರೆಯುತ್ತದೆ, ಪಾಚಿ ಕಟ್ಟಿ ವೇಗ ಕುಂದುತ್ತದೆ. ದುರಸ್ತಿಗೆ ತಾಣವಿಲ್ಲದಿದ್ದರೆ ಎಷ್ಟು ಹಡಗುಗಳಿದ್ದರೂ ನೌಕಾಪಡೆ ಬಹುಕಾಲ ನಿಲ್ಲದು. ಹೀಗೆ ಕೆಲಸದ ಸುತ್ತ ಊರು ಬೆಳೆಯಿತು. ಹಗ್ಗ ಹೊಸೆಯಲೆಂದೇ ಕಟ್ಟಿದ ಸುಮಾರು ಸಾವಿರ ಅಡಿ ಉದ್ದದ ಕಟ್ಟಡ ಇಂದಿಗೂ ನಿಂತಿದೆ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1812ರಲ್ಲಿ ಇಲ್ಲಿ ಹುಟ್ಟಿದ್ದಕ್ಕೆ ಕಾರಣವೂ ಈ ದುಡಿಮೆಯೇ: ಅವನ ತಂದೆ ನೌಕಾಪಡೆಯ ಸಂಬಳದ ಕಚೇರಿಯಲ್ಲಿ ಗುಮಾಸ್ತ. ಆ ಪುಟ್ಟ ಮನೆ ಈಗ ಮ್ಯೂಸಿಯಂ.

ಇನ್ನು ಮೇರಿ ರೋಸ್. ಎಂಟನೆಯ ಹೆನ್ರಿಯ ಈ ಯುದ್ಧನೌಕೆಯನ್ನು ಕಟ್ಟಿದ್ದು ಇದೇ ಪೋರ್ಟ್ಸ್‌ಮತ್‌ನಲ್ಲಿ, 1510ರ ಸುಮಾರಿಗೆ. ಮೂರು ದಶಕಕ್ಕೂ ಹೆಚ್ಚು ಕಾಲ ದುಡಿದ ಮೇಲೆ, 1545ರ ಜುಲೈ 19ರಂದು, ಫ್ರೆಂಚರ ದಾಳಿಯನ್ನು ತಡೆಯಲು ಹೊರಟಾಗ ದಡದಿಂದ ಕಣ್ಣಳತೆಯ ದೂರದಲ್ಲೇ ಅದು ಮಗುಚಿಕೊಂಡಿತು. ಇದ್ದಕ್ಕಿದ್ದಂತೆ ಬೀಸಿದ ಗಾಳಿ, ತೆರೆದೇ ಇದ್ದ ಫಿರಂಗಿ ಕಿಂಡಿಗಳು, ವರ್ಷಗಳು ಕಳೆದಂತೆ ಏರಿಸಿದ ಭಾರ, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಚರ್ಚೆಯಿದೆ. ಶತ್ರುಗಳು ಹಡಗೇರದಿರಲೆಂದು ಮೇಲೆ ಬಿಗಿದಿದ್ದ ಬಲೆಯೇ ಒಳಗಿದ್ದವರನ್ನು ಹಿಡಿದಿಟ್ಟಿತು. ಸುಮಾರು 500 ಜನರಲ್ಲಿ ಬದುಕುಳಿದವರು ಕೆಲವೇ ಮಂದಿ. ಹಡಗು ಬಲಮಗ್ಗುಲಿಗೆ ಒರಗಿ ಕೂತಿತು. ಮೇಲಿದ್ದ ಎಡಭಾಗವನ್ನು ಹುಳುಗಳೂ ಪ್ರವಾಹಗಳೂ ತಿಂದು ಮುಗಿಸಿದವು. ಕೆಸರಿನಲ್ಲಿ ಹೂತ ಬಲಭಾಗಕ್ಕೆ ಗಾಳಿ ತಾಕದೆ ಮರ, ತೊಗಲು, ಮೂಳೆ ಎಲ್ಲವೂ ಉಳಿದವು. 1965ರಲ್ಲಿ ಅಲೆಗ್ಸಾಂಡರ್ ಮೆಕೀ ಹುಡುಕಾಟ ಆರಂಭಿಸಿದರು, ಪುರಾತತ್ತ್ವಜ್ಞೆ ಮಾರ್ಗರೆಟ್ ರೂಲ್ ಉತ್ಖನನ ನಡೆಸಿದರು, 1982ರ ಅಕ್ಟೋಬರ್ 11ರಂದು ಉಳಿದ ಅರ್ಧ ಒಡಲು ನೀರಿನಿಂದ ಮೇಲೆದ್ದಿತು. ಒಣಗಿದರೆ ಮರ ಮುರುಟಿ ಬಿರಿಯುತ್ತದೆ. ಹಾಗಾಗಿ ಮೊದಲು ತಣ್ಣೀರು, 1994ರಿಂದ ಮೇಣದಂಥ ರಾಸಾಯನಿಕ, ಹೀಗೆ ಮೂರು ದಶಕ ಅದರ ಮೇಲೆ ಸಿಂಪಡಿಸಿದರು. ಸಿಂಪಡಣೆ ನಿಂತದ್ದು 2013ರಲ್ಲಿ, ಅದಕ್ಕೆಂದೇ ಕಟ್ಟಿದ ಮ್ಯೂಸಿಯಂ ತೆರೆದ ವರ್ಷ.

ಆದರೆ ಹಡಗಿನ ಒಡಲಿಗಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಅದರೊಳಗೆ ಸಿಕ್ಕ 19,000ಕ್ಕೂ ಹೆಚ್ಚು ವಸ್ತುಗಳನ್ನು. ಬಡಗಿಯ ಉಳಿ, ಉಜ್ಜುಗೊರಡು; ವೈದ್ಯನ ಪೆಟ್ಟಿಗೆ, ಮುಲಾಮಿನ ಭರಣಿಗಳು; ಹೇನು ಬಾಚುವ ಹಣಿಗೆಗಳು, ಪಗಡೆಯನ್ನು ಹೋಲುವ ಆಟದ ಹಾಸು, ಪಿಟೀಲು, ತೊಗಲಿನ ಜೋಡು. ಅಧಿಕಾರಿಗಳ ತಟ್ಟೆ ಲೋಹದ್ದು, ನಾವಿಕರ ಬಟ್ಟಲು ಮರದ್ದು. ಆ ಬಟ್ಟಲುಗಳ ಮೇಲೆ ತಮ್ಮದೆಂದು ಗುರುತು ಹಿಡಿಯಲು ಗೀರಿಕೊಂಡ ಗೆರೆಗಳಿವೆ. ಉದ್ದಬಿಲ್ಲನ್ನು ವರ್ಷಗಟ್ಟಲೆ ಎಳೆದು ಹೆಗಲ ಮೂಳೆಯೇ ಮಾರ್ಪಟ್ಟವರ ಅಸ್ಥಿಗಳೂ ಸಿಕ್ಕಿವೆ. ಅಂದರೆ ದುಡಿಮೆ ಅವರ ದೇಹದ ಮೇಲೆಯೇ ಬರೆದುಕೊಂಡಿದೆ. ಗೆದ್ದು ಮರಳಿದ ಹಡಗನ್ನು ಖಾಲಿ ಮಾಡುತ್ತಾರೆ, ತೊಳೆಯುತ್ತಾರೆ, ಮುಂದಿನ ಯುದ್ಧಕ್ಕೆ ಸಜ್ಜುಗೊಳಿಸುತ್ತಾರೆ. ಅದರಲ್ಲಿ ಸಾಮಾನ್ಯನ ಹಣಿಗೆ ಉಳಿಯುವುದಿಲ್ಲ. ಒಂದು ಮಧ್ಯಾಹ್ನದ ದುರಂತದಿಂದಾಗಿ ಇಲ್ಲಿ ಇಡೀ ಒಂದು ಸಮಾಜ, ಮೇಲು ಕೀಳುಗಳ ಸಮೇತ, ಹಾಗೆಯೇ ಉಳಿದುಬಿಟ್ಟಿದೆ. ಇದೂ ರಾಜನೊಬ್ಬನ ಯುದ್ಧಯಂತ್ರವೇ, ಮಾನವೀಯ ಕಥೆಗಳ ಹೊದಿಕೆ ಹೊದಿಸಿ ಯುದ್ಧವನ್ನು ಸಹ್ಯ ಮಾಡುತ್ತಿದ್ದೀರಿ ಎಂದು ಯಾರಾದರೂ ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಗೆಲುವಿನ ಸ್ಮಾರಕಗಳು ಮರೆಮಾಚುವ ಲೆಕ್ಕವನ್ನು ಈ ಮ್ಯೂಸಿಯಂ ಮೂಳೆ ಮೂಳೆಯಾಗಿ ಎದುರಿಗಿಡುತ್ತದೆ.

ಇದೇ ಕಣ್ಣಿನಿಂದ ನೋಡಿದರೆ, ಹಡಗು ಕಟ್ಟುವ, ದುರಸ್ತಿ ಮಾಡುವ ಆವರಣವಾದ ಡಾಕ್‌ಯಾರ್ಡಿನ ಇನ್ನೊಂದು ಕಟ್ಟಡ ವಿಕ್ಟರಿಯಷ್ಟೇ ಮುಖ್ಯವೆನಿಸುತ್ತದೆ: ರಾಟೆಗಳನ್ನು ತಯಾರಿಸುತ್ತಿದ್ದ ಬ್ಲಾಕ್ ಮಿಲ್ಸ್. ಹಾಯಿ ಏರಿಸಲು, ಇಳಿಸಲು, ಫಿರಂಗಿ ಎಳೆಯಲು ಮರದ ರಾಟೆ ಬೇಕು. ದೊಡ್ಡ ಯುದ್ಧನೌಕೆ ಒಂದಕ್ಕೇ ಸುಮಾರು ಸಾವಿರ, ಇಡೀ ನೌಕಾಪಡೆಗೆ ವರ್ಷಕ್ಕೆ ಲಕ್ಷ. ಅವನ್ನೆಲ್ಲ ಕೈಯಲ್ಲಿ ಕೆತ್ತಬೇಕಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಸ್ಯಾಮ್ಯುಯೆಲ್ ಬೆಂಥಮ್ ಉಸ್ತುವಾರಿಯಲ್ಲಿ, ಮಾರ್ಕ್ ಬ್ರುನೆಲ್ ವಿನ್ಯಾಸ ಮಾಡಿ ಹೆನ್ರಿ ಮಾಡ್‌ಸ್ಲೇ ತಯಾರಿಸಿದ ಲೋಹದ ಯಂತ್ರಗಳ ಸಾಲು ಇಲ್ಲಿ ಬಂತು. ಒಂದೊಂದು ಯಂತ್ರಕ್ಕೆ ಒಂದೊಂದೇ ಕೆಲಸ. 1808ರ ವೇಳೆಗೆ ವರ್ಷಕ್ಕೆ 1,30,000 ರಾಟೆಗಳು ಹೊರಬರುತ್ತಿದ್ದವು. 110 ಕುಶಲಕರ್ಮಿಗಳ ಕೆಲಸವನ್ನು ಹತ್ತು ಮಂದಿ ಮಾಡುತ್ತಿದ್ದರು. ಉಳಿದ ನೂರು ಜನರ ಗತಿಯೇನು ಎಂಬ, ಇಂದಿಗೂ ನಮ್ಮನ್ನು ಬಿಡದ ಪ್ರಶ್ನೆಯೂ ಆ ಲೆಕ್ಕದೊಳಗೇ ಇದೆ. ಕಾರ್ಖಾನೆಯ ಯುಗ ಬಟ್ಟೆ ಮಿಲ್ಲುಗಳಲ್ಲಿ ಮಾತ್ರ ಹುಟ್ಟಿತೆಂದು ಓದಿ ಬೆಳೆದವರು ಈ ಕಟ್ಟಡದ ಬಗ್ಗೆ ತಿಳಿಯಲೇಬೇಕು. ಇದು ಈಗಲೂ ಕೆಲಸ ಮಾಡುತ್ತಿರುವ ನೌಕಾನೆಲೆಯ ಆವರಣದಲ್ಲಿರುವುದರಿಂದ ಪ್ರವಾಸಿಗರಿಗೆ ಸಾಮಾನ್ಯವಾಗಿ ಒಳಗೆ ಪ್ರವೇಶವಿಲ್ಲ. ಕೆಲವು ಯಂತ್ರಗಳನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿ ನೋಡಬಹುದು.

ಇಷ್ಟಾದ ಮೇಲೆ ವಿಕ್ಟರಿಯ ಬಳಿಗೆ ಹೋದರೆ ಹಡಗು ಬೇರೆಯಾಗಿಯೇ ಕಾಣುತ್ತದೆ. 1765ರಲ್ಲಿ ಚ್ಯಾಥಮ್‌ನಲ್ಲಿ ನೀರಿಗಿಳಿದ ಅದು 1922ರಿಂದ ಇಲ್ಲಿನ ಡ್ರೈ ಡಾಕ್‌ನಲ್ಲಿ ನಿಂತಿದೆ. ಟ್ರಫಾಲ್ಗರ್‌ನಲ್ಲಿ ಅದರ ಮೇಲಿದ್ದ 820ರಷ್ಟು ಜನರಲ್ಲಿ ಅಮೆರಿಕ, ಇಟಲಿ, ಮಾಲ್ಟಾಗಳಿಂದ ಬಂದವರಿದ್ದರು, ಮೀಸೆ ಮೂಡದ ಹುಡುಗರಿದ್ದರು, ಬಲವಂತವಾಗಿ ಹಿಡಿದು ತಂದವರೂ ಇದ್ದರು. 2022ರಿಂದ ದೊಡ್ಡ ದುರಸ್ತಿ ಸಾಗಿದೆ. ಹತ್ತು ವರ್ಷ ಹಿಡಿಯುವ ಕೆಲಸ. ಹಾಯಿಕಂಬಗಳಿಲ್ಲ, ಸುತ್ತ ಅಟ್ಟಣಿಗೆ ಕಟ್ಟಿದ್ದಾರೆ, ಈಗ ಹೋಗಿ ಪ್ರಯೋಜನವಿಲ್ಲ ಎಂದು ಬೇಸರಪಡುವವರಿದ್ದಾರೆ. ನಾನಾದರೆ ಈಗಲೇ ಹೋಗಿ ಎನ್ನುತ್ತೇನೆ. ಹೊರಹಲಗೆ ಕಿತ್ತಾಗ ಒಳಗಿನ ಪಕ್ಕೆಲುಬುಗಳು ಕಾಣುತ್ತವೆ, ಕೊಳೆತ ಮರದ ಜಾಗಕ್ಕೆ ಹೊಸ ಓಕ್ ಕೂರಿಸುವ ಕುಶಲಿಗಳು ಕಾಣುತ್ತಾರೆ. ಹಡಗನ್ನು ಇಷ್ಟು ಕಾಲ ಉಳಿಸಿದ್ದು ಈ ಕೈಗಳೇ.

ಭಾರತೀಯರ ಮುಂದೆ ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ: ನಮ್ಮನ್ನು ಆಳಿದ ಸಾಮ್ರಾಜ್ಯದ ಕಡಲಬಲ ಹೊರಟ ನೆಲೆಯನ್ನು ದುಡ್ಡು ಕೊಟ್ಟು ನೋಡಿ ಮೆಚ್ಚಬೇಕೆ? ಪ್ರಶ್ನೆ ನ್ಯಾಯವಾದದ್ದು. 1787ರ ಮೇ 13ರಂದು 700ಕ್ಕೂ ಹೆಚ್ಚು ಕೈದಿಗಳನ್ನು ಹೊತ್ತ 11 ಹಡಗುಗಳು ಆಸ್ಟ್ರೇಲಿಯಕ್ಕೆ ಹೊರಟದ್ದೂ ಇಲ್ಲಿಂದಲೇ. ಅಲ್ಲಿನ ಮೂಲನಿವಾಸಿಗಳ ಪಾಲಿಗೆ ಆ ಯಾತ್ರೆ ಏನಾಯಿತೆಂಬುದು ಗೊತ್ತಿರುವ ಸಂಗತಿ. ಆದರೆ ನೋಡುವುದೆಂದರೆ ಕೈಮುಗಿಯುವುದಲ್ಲ. ಸಾಮ್ರಾಜ್ಯ ಯಾವುದರ ಮೇಲೆ ನಿಂತಿತ್ತು ಎಂಬುದು ಅರ್ಥವಾಗುವುದು ಹಗ್ಗ, ರಾಟೆ, ಮರಗಳ ಲೆಕ್ಕ ಸಿಕ್ಕಾಗ. ಆ ಲೆಕ್ಕದಲ್ಲಿ ನಮ್ಮ ಕಡೆಯ ಕಾಡು, ನಮ್ಮ ಕಡೆಯ ಕೈ ಎರಡೂ ಇವೆ. ಇಂಗ್ಲೆಂಡಿನಲ್ಲಿ ಓಕ್ ಮರದ ಕೊರತೆ ಬಿದ್ದಾಗ ಮುಂಬಯಿಯ ವಾಡಿಯಾ ಮನೆತನದ ಕುಶಲಿಗಳು ಮಲಬಾರ್ ತೇಗದಿಂದ ಬ್ರಿಟಿಷ್ ಯುದ್ಧನೌಕೆಗಳನ್ನು ಕಟ್ಟಿದರು. ಅವುಗಳಲ್ಲಿ ಒಂದಾದ, 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಇಪ್ಪತ್ತನೆಯ ಶತಮಾನದಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಪೋರ್ಟ್ಸ್‌ಮತ್ ಬಂದರಿನಲ್ಲೇ ತರಬೇತಿ ಹಡಗಾಗಿ ನಿಂತಿತ್ತು. ಈಗ ಉತ್ತರದ ಹಾರ್ಟಲ್‌ಪೂಲ್‌ನಲ್ಲಿ ಇನ್ನೂ ತೇಲುತ್ತಿದೆ. 1982ರ ಏಪ್ರಿಲ್‌ನಲ್ಲಿ ಫಾಕ್‌ಲೆಂಡ್ಸ್ ಯುದ್ಧಕ್ಕೆ ಇಲ್ಲಿಂದ ಹೊರಟ ಹರ್ಮಿಸ್ ಎಂಬ ವಿಮಾನವಾಹಕ ನೌಕೆ 1987ರಲ್ಲಿ ನಮ್ಮ ಐಎನ್‌ಎಸ್ ವಿರಾಟ್ ಆಯಿತು. 2017ರಲ್ಲಿ ನಿವೃತ್ತಿಯಾದ ಅದನ್ನು ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ, ಗುಜರಾತಿನ ಅಲಂಗ್‌ನಲ್ಲಿ ಒಡೆದರು. ಮುಳುಗಿದ ಅರ್ಧ ಹಡಗಿನ ಮೇಲೆ ಮೂರು ದಶಕ ಸಿಂಪಡಣೆ ನಡೆಸಿದ ಊರನ್ನು ನೋಡುವಾಗ ಈ ನಷ್ಟ ನೆನಪಾಗಲೇಬೇಕು.

ಊರು ಅಂದವಾಗಿಲ್ಲ, ಬಾತ್ ಅಥವಾ ಆಕ್ಸ್‌ಫರ್ಡ್‌ನ ಸೊಬಗು ಇಲ್ಲಿಲ್ಲ ಎನ್ನುವ ಮಾತೂ ಇದೆ. ಅದು ನಿಜ, ಕಾರಣವೂ ಸ್ಪಷ್ಟ: ಎರಡನೆಯ ಮಹಾಯುದ್ಧದಲ್ಲಿ ನೌಕಾನೆಲೆಯ ಮೇಲೆ ಬಿದ್ದ ಬಾಂಬುಗಳು ಮನೆಗಳ ಮೇಲೂ ಬಿದ್ದವು, 1941ರ ಜನವರಿಯ ಒಂದು ರಾತ್ರಿ ಪುರಭವನವಾದ ಗಿಲ್ಡ್‌ಹಾಲ್ ಸುಟ್ಟು ಬರೀ ಗೋಡೆ ಉಳಿಯಿತು. ಹೋಗುವವರು ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಪೋರ್ಟ್ಸ್‌ಮತ್ ಹಾರ್ಬರ್‌ಗೆ ಬೆಳಗಿನ ರೈಲು ಹಿಡಿಯಿರಿ. ಪ್ರಯಾಣ ಎರಡು ಗಂಟೆಗಿಂತ ಕಡಿಮೆ, ಡಾಕ್‌ಯಾರ್ಡಿನ ಬಾಗಿಲು ನಿಲ್ದಾಣದಿಂದ ಕೆಲವೇ ಹೆಜ್ಜೆ. ಬೆಳಗನ್ನು ಪೂರ್ತಿ ಮೇರಿ ರೋಸ್‌ಗೆ ಕೊಡಿ, ನೆಲ್ಸನ್‌ನನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.