ದುಂಡು ತೊಟ್ಟಿಯ ಲೆಕ್ಕ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಕಡೆಯ ತೋಟಗಳಲ್ಲಿ ಮುಂಗಾರು ಸಮೀಪಿಸಿತೆಂದರೆ ಬೋರ್ಡೋ ದ್ರಾವಣದ ಚಿಂತೆ ಮೊದಲಾಗುತ್ತದೆ. ಅಡಿಕೆಗೂ ಕಾಫಿಗೂ ಬರುವ ಕೊಳೆರೋಗವನ್ನು ತಡೆಯಲು ಬೆಳೆಗಾರರು ಬಹುಕಾಲದಿಂದ ನೆಚ್ಚಿರುವ ಔಷಧವಿದು. ಫ್ರಾನ್ಸಿನ ಬೋರ್ಡೋ ಪ್ರಾಂತದ ದ್ರಾಕ್ಷಿತೋಟಗಳಲ್ಲಿ ಇದರ ಗುಣವನ್ನು 1880ರ ದಶಕದಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಕಂಡುಕೊಂಡನು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಕುರಿತ ತಮ್ಮ ಸಂಶೋಧನೆಯನ್ನು 1910ರಲ್ಲಿ ಪ್ರಕಟಿಸಿದರು.

ಶೇಕಡ 1ರ ದ್ರಾವಣಕ್ಕೆ ಪ್ರಮಾಣ ಸರಳವಾದುದು: 100 ಲೀಟರ್ ನೀರು, 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ ಕರಗಿಸಿ ಅನಂತರ ಕೂಡಿಸಬೇಕು. ತೂಕಕ್ಕೆ ತಕ್ಕಡಿಯಿದೆ. ಆದರೆ ದುಂಡು ತೊಟ್ಟಿಯಲ್ಲಿರುವ ನೀರೆಷ್ಟು? ಇಲ್ಲಿ ಗಣಿತದ ನೆರವು ಬೇಕಾಗುತ್ತದೆ.

ತೊಟ್ಟಿಯ ತಳ ಒಂದು ವೃತ್ತ. ಆ ವೃತ್ತವನ್ನು ರೊಟ್ಟಿಯಂತೆ ಅನೇಕ ಸಣ್ಣ ಹೋಳುಗಳಾಗಿ ಕತ್ತರಿಸಿ, ಒಂದರ ತುದಿ ಮೇಲೆ, ಇನ್ನೊಂದರ ತುದಿ ಕೆಳಗೆ ಬರುವಂತೆ ಜೋಡಿಸಿದರೆ ಅದು ಹೆಚ್ಚು ಕಡಿಮೆ ಆಯತವಾಗುತ್ತದೆ. ಅದರ ಉದ್ದ ಪರಿಧಿಯ ಅರ್ಧ, ಅಗಲ ತ್ರಿಜ್ಯ. ಹೋಳುಗಳು ಸಣ್ಣವಾದಷ್ಟೂ ಆಕೃತಿ ನಿಜವಾದ ಆಯತಕ್ಕೆ ಸಮೀಪಿಸುತ್ತದೆ. ಆದ್ದರಿಂದ ತಳದ ವಿಸ್ತೀರ್ಣ, ತ್ರಿಜ್ಯವನ್ನು ತ್ರಿಜ್ಯದಿಂದಲೇ ಗುಣಿಸಿ ಮತ್ತೆ 22/7ರಿಂದ ಗುಣಿಸಿದಷ್ಟು. ಇದನ್ನು ಆಳದಿಂದ ಗುಣಿಸಿದರೆ ಘನಫಲ ದೊರೆಯುತ್ತದೆ.

ತೊಟ್ಟಿಯ ಒಳವ್ಯಾಸ 1.4 ಮೀಟರ್, ಆಳ 1 ಮೀಟರ್ ಎಂದು ಭಾವಿಸೋಣ. ತ್ರಿಜ್ಯ 0.7 ಮೀಟರ್, ತಳದ ವಿಸ್ತೀರ್ಣ 1.54 ಚದರ ಮೀಟರ್; ಘನಫಲ 1.54 ಘನ ಮೀಟರ್, ಎಂದರೆ 1540 ಲೀಟರ್. ತುಂಬಿದ ತೊಟ್ಟಿಗೆ ಬೇಕಾದ ಮೈಲುತುತ್ತ 15.4 ಕಿಲೋಗ್ರಾಂ, ಸುಣ್ಣವೂ ಅಷ್ಟೇ.

ಅವಸರದಲ್ಲಿ ತ್ರಿಜ್ಯದ ಬದಲು ವ್ಯಾಸವನ್ನೇ ಹಿಡಿದು ಲೆಕ್ಕಹಾಕಿದವನಿಗೆ 6160 ಲೀಟರ್ ಎಂಬ ಉತ್ತರ ಬರುತ್ತದೆ. ತ್ರಿಜ್ಯ ಎರಡು ಬಾರಿ ಗುಣಿಸಲ್ಪಡುವುದರಿಂದ ಎರಡರಷ್ಟರ ತಪ್ಪು ನಾಲ್ಕರಷ್ಟಾಗಿ ಬೆಳೆಯಿತು. ಅವನು 61.6 ಕಿಲೋಗ್ರಾಂ ಮೈಲುತುತ್ತ ಸುರಿದಾನು! ಹಣ ಪೋಲಾಗುವುದಲ್ಲದೆ, ಮಿತಿಮೀರಿದ ತಾಮ್ರದಿಂದ ಎಲೆ ಸುಟ್ಟೀತು. ಮಣ್ಣಿಗಿಳಿದ ತಾಮ್ರ ವರ್ಷದಿಂದ ವರ್ಷಕ್ಕೆ ಅಲ್ಲಿಯೇ ಸೇರುತ್ತ ಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ತಪ್ಪೂ ಉಂಟು. ಹಗ್ಗವನ್ನು ತೊಟ್ಟಿಯ ಹೊರಗೆ ಸುತ್ತಿ ಅಳೆದರೆ ಗೋಡೆಯ ದಪ್ಪವೂ ಲೆಕ್ಕಕ್ಕೆ ಸೇರುತ್ತದೆ. ಗೋಡೆ 10 ಸೆಂಟಿಮೀಟರ್ ದಪ್ಪವಿದ್ದರೆ ಹೊರವ್ಯಾಸ 1.6 ಮೀಟರ್, ಉತ್ತರ ಸುಮಾರು 2011 ಲೀಟರ್. ಕೇವಲ ಅಂಗೈಯಗಲದ ಗೋಡೆ 471 ಲೀಟರ್‌ಗಳ ಇಲ್ಲದ ನೀರನ್ನು ಸೃಷ್ಟಿಸಿತು. ಆದುದರಿಂದ ಅಳತೆ ಒಳಗಿನದೇ ಆಗಿರಬೇಕು.

ತೊಟ್ಟಿಗೆ ಒಳಗಡೆ ಗಾರೆ ಮಾಡಿಸುವಾಗ ಬೇಕಾಗುವುದು ಘನಫಲವಲ್ಲ, ಮೇಲ್ಮೈ ವಿಸ್ತೀರ್ಣ. ಒಂದು ಕಾಗದವನ್ನು ಕೊಳವೆಯಂತೆ ಸುತ್ತಿ ಮತ್ತೆ ಬಿಚ್ಚಿ ನೋಡಿ. ಬಾಗಿದ ಮೈ ಆಯತವಾಗುತ್ತದೆ. ಅದರ ಉದ್ದ ಪರಿಧಿ, ಅಗಲ ಎತ್ತರ. ನಮ್ಮ ತೊಟ್ಟಿಯ ಪರಿಧಿ 4.4 ಮೀಟರ್, ಗೋಡೆಯ ವಿಸ್ತೀರ್ಣ 4.4 ಚದರ ಮೀಟರ್. ತಳದ 1.54 ಕೂಡಿಸಿದರೆ ಒಟ್ಟು 5.94. ಮೇಲ್ಭಾಗ ತೆರೆದಿರುವುದರಿಂದ ಇನ್ನೊಂದು ವೃತ್ತವನ್ನು ಸೇರಿಸಬೇಕಾಗಿಲ್ಲ; ಮುಚ್ಚಿದ ಡಬ್ಬಕ್ಕಾದರೆ ಸೇರಿಸಲೇಬೇಕು.

ತೊಟ್ಟಿ ಅರೆಬರೆ ತುಂಬಿದಾಗ ಏನು ಮಾಡುವುದು? ಗೋಡೆ ನೆಟ್ಟಗಿರುವುದರಿಂದ ನೀರು ಒಂದೊಂದು ಸೆಂಟಿಮೀಟರ್ ಏರಿದಾಗಲೂ ಸಮನಾಗಿ 15.4 ಲೀಟರ್ ಹೆಚ್ಚುತ್ತದೆ, ಸುಮಾರು 6.5 ಸೆಂಟಿಮೀಟರಿಗೆ 100 ಲೀಟರ್. ಒಂದು ಬಿದಿರ ಕೋಲಿನ ಮೇಲೆ ಈ ಅಂತರದಲ್ಲಿ ಗೆರೆಗಳನ್ನು ಕೊರೆದು ತೊಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿದರೆ, ನೆನೆದ ಗೆರೆಗಳ ಸಂಖ್ಯೆಯೇ ಬೇಕಾದ ಮೈಲುತುತ್ತದ ಕಿಲೋಗ್ರಾಂಗಳನ್ನು ಹೇಳುತ್ತದೆ. ನಿಮ್ಮ ಮನೆಯ ತೊಟ್ಟಿಗೂ ಇಂಥದೊಂದು ಕೋಲನ್ನು ಮಾಡಿ, ಅಳತೆ ತಿಳಿದ ಕೊಡದಿಂದ ನೀರು ಸುರಿದು ಪರೀಕ್ಷಿಸಿರಿ.